ಪಾವಟಣಿಗಿ ಮ್ಯಾಲಿನ ಕಾರ್ಪೆಟ್ಟು ಕಿತ್ತಾಗ

ನಮ್ಮ ಕಡೆ ಪಾವಟಣಿಗಿ ಅಂದ್ರ ಕಲ್ಲಿನವು, ಇಲ್ಲಾ ಅಟ್ಟಕ್ಕ ಹತ್ತೋ ಕಟಗೀವು. ಕಸಾ ಹೊಡದು, ಹಸೀ ಅರಿವಿಲೆ ಒರಸಿಬಿಟ್ರ ಮುಗೀತು. ಅಂಥಾ ಪಾವಟಣಿಗಿ ಮ್ಯಾಲೆ ಗೋಡಿಯಿಂದ ಕಟಕಟಿ ತನಕಾ ದಪ್ಪ ಕಾರ್ಪೆಟ್ಟು ಹಾಸಿ ಮೊಳಿ ಹೊಡೀತಾರ ಅಂದ್ರ ಊರಾಗ ಯಾರೂ ನಂಬಂಗಿಲ್ಲ. ವೀಡಿಯೋ ಕಾಲ್‌ನ್ಯಾಗ ನಮ್ಮನಿ ನೋಡಿದ ದೊಡ್ಡ ವೈನಿ ಕೇಳಿದ್ದು ಒಂದ ಮಾತು: “ಅಲ್ಲವಾ, ಅದನ್ನ ಒಗಿಯೋದು ಹೆಂಗ?”

ಒಗಿಯಂಗಿಲ್ಲ ವೈನಿ. ಇಪ್ಪತ್ತು ಮೂವತ್ತು ವರ್ಷ ಒಗಿಯಂಗಿಲ್ಲ. ಹಂಗಾದ್ರ ಇಂಥಾದ್ದು ಯಾರ ತಲ್ಯಾಗ ಹೊಳೀತು, ಯಾಕ ಹೊಳೀತು? ಈ ಸಲ ನಮ್ಮ ಪಾವಟಣಿಗಿ ರಿಪೇರಿ ಮಾಡೂಮುಂದ ಒಂದೊಂದ ಪದರಾ ಕಿತ್ತಂಗ ಅದಕ್ಕ ಉತ್ತರ ಸಿಕ್ಕೋತ ಹೋತು. ನಾ ಓದಿ ತಿಳಕೊಂಡದ್ದನ್ನೂ ಕೂಡಿಸಿ ಬರೀಲಿಕ್ಕತ್ತೇನಿ. ಸ್ವಲ್ಪ ಉದ್ದ ಅದ, ಚಹಾ ಇಟಗೊಂಡು ಓದ್ರಿ.

ನಮ್ಮದು ಇಂಗ್ಲಂಡಿನ ಸಾಲಮನಿ, 1890ರ ಸುಮಾರಿಗೆ ಕಟ್ಟಿದ್ದು. ಎಡಕ್ಕೊಂದು ಬಲಕ್ಕೊಂದು ಮನಿ, ನಡುವ ಒಂದೊಂದ ಗೋಡಿ ಪಾಲು. ಬಾಗಲಾ ತಗದ ಕೂಡ್ಲೆ ಒಬ್ಬರು ನಡಿಯೋವಷ್ಟು ಇಕ್ಕಟ್ಟಿನ ದಾರಿ, ಎದುರಿಗೇ 13 ಪಾವಟಣಿಗಿ. ಬಂದವರ ಕಣ್ಣಿಗೆ ಮೊದಲ ಬೀಳೋದು ಅವ. ಇದನ್ನ ನೆನಪಿಟಗೋರಿ, ಮುಂದ ಬೇಕಾಗ್ತದ.

ಮ್ಯಾಲಿನ ಪದರಾ ಸಾಸಿವಿ ಬಣ್ಣದ ನೈಲಾನ್ ಕಾರ್ಪೆಟ್ಟು. ಹಿಂದಿನವರು 1970ರ ದಶಕದಾಗ ಹಾಕಿಸಿದ್ದಂತ. ಇಕ್ಕಳದಿಂದ ಮೂಲಿ ಹಿಡದು ಜಗ್ಗಿದ್ರ ಕೆಳಗಿನ ಫೋಮು ರವಾ ಉದುರಿದಂಗ ಉದುರ್ತಿತ್ತು. ಅಂಚಿಗೆ ಪೂರಾ ಕಟಗಿ ಪಟ್ಟಿ ಬಡದಿದ್ರು, ಪಟ್ಟಿ ತುಂಬ ಸಣ್ಣ ಸಣ್ಣ ಮೊಳಿ ಮ್ಯಾಲೆ ಮುಖಾ ಮಾಡಿ ನಿಂತಿದ್ವು, ಥೇಟ್ ಮುಳ್ಳಹಂದಿ ಬೆನ್ನು. ಕಾರ್ಪೆಟ್ಟನ್ನ ಬಿಗಿಯಾಗಿ ಎಳದು ಈ ಮುಳ್ಳಿಗೆ ಸಿಗಿಸಿಬಿಡ್ತಾರ. ದಪ್ಪ ಕೈಚೀಲ ಹಾಕ್ಕೊಂಡೇ ಕೀಳಬೇಕು.

ಈ ನಮೂನಿ ಕಾರ್ಪೆಟ್ಟು ನೇಯ್ದದ್ದಲ್ಲ, ಹೊಲದದ್ದು. ಹಿಂದಿನ ಬಟ್ಟಿಗೆ ನೂರಾರು ಸೂಜಿ ಒಮ್ಮೆಲೆ ಚುಚ್ಚಿ, ದಾರದ ಕುಣಕಿ ಎಬ್ಬಿಸಿ, ಹಿಂದ ಅಂಟು ಬಳೀತಾರ. ಇದರ ಮೂಲ ಹುಡಕಿದ್ರ ಒಬ್ಬ ಹುಡಿಗಿ ಸಿಗ್ತಾಳ. ಅಮೆರಿಕದ ಜಾರ್ಜಿಯಾ ರಾಜ್ಯದ ಡಾಲ್ಟನ್ ಊರಿನ ಹತ್ತಿರ ಕ್ಯಾಥರಿನ್ ಇವಾನ್ಸ್ ಅಂತ. 12 ವರ್ಷದಾಕಿ ಇದ್ದಾಗ ಬಳಗದವರ ಮನ್ಯಾಗ ಹಳೇ ಕಾಲದ ಒಂದು ಹೊದಿಕಿ ನೋಡಿದ್ಲು, ಬಿಳೀ ಬಟ್ಟಿ ಮ್ಯಾಲೆ ದಾರದ ಕುಚ್ಚು ಕುಚ್ಚು ಎದ್ದದ್ದು. ಅದನ್ನ ಹೆಂಗ ಮಾಡ್ಯಾರ ಅಂತ ತಾನ ತಲಿ ಓಡಿಸಿ, 1895ರಾಗ ತನ್ನ ಕೈಲೆ ಒಂದು ಮಾಡಿದ್ಲು. 1900ರಾಗ ಒಂದನ್ನ ಎರಡೂವರಿ ಡಾಲರಿಗೆ ಮಾರಿದ್ಲು. ಬೇಡಿಕಿ ಬಂದಂಗೆಲ್ಲಾ ನೆರಿಮನಿ ಹೆಂಗಸರಿಗೆ ಕಲಿಸಿದ್ಲು. ಮುಂದ ಸುತ್ತಲಿನ ಸಾವಿರಾರು ಮನಿ ಕಟ್ಟಿ ಮ್ಯಾಲೆ ಕೂತು ಹೆಣ್ಣಮಕ್ಕಳು ಕುಚ್ಚು ಹಾಕಲಿಕ್ಕೆ ಹತ್ತಿದ್ರು. ಒಬ್ಬಾಂವ ಗಾಡ್ಯಾಗ ಬಟ್ಟಿ ತಂದು ಕೊಡೋದು, ಆದ ಮ್ಯಾಲೆ ಬಂದು ಒಯ್ಯೋದು. ನಮ್ಮಲ್ಲೆ ಬೀಡಿ ಎಲಿ ಮನಿಗೆ ತಂದು ಕೊಡ್ತಾರಲ್ಲ, ಹಂಗ. ಹೆದ್ದಾರಿ ಬಾಜೂಕ ಹಗ್ಗಾ ಕಟ್ಟಿ ಹೊದಿಕಿ ಒಣಗಹಾಕಿ ಮಾರ್ತಿದ್ರು, ನವಿಲಿನ ಚಿತ್ರದ ಹೊದಿಕಿ ಭಾಳ ಇರ್ತಿದ್ವಂತ, ಅದಕ್ಕ ಆ ದಾರಿಗೆ ನವಿಲ ಓಣಿ ಅಂತನ ಹೆಸರು ಬಿತ್ತು. 1930ರ ದಶಕದಾಗ ಕೈಕೆಲಸ ಮಶೀನಿಗೆ ಹೋತು. ಮಶೀನು ಅಗಲ ಆಗೋತ ಆಗೋತ 1950ರ ಹೊತ್ತಿಗೆ ಹೊದಿಕಿ ಬಿಟ್ಟು ಇಡೀ ಖೋಲಿ ಅಗಲದ ಕಾರ್ಪೆಟ್ಟು ಹೊಲೀಲಿಕ್ಕೆ ಹತ್ತಿತು. ನೇಯೋದಕ್ಕಿಂತ ಎಷ್ಟೋ ಪಟ್ಟು ಲಗೂ, ಎಷ್ಟೋ ಸೋವಿ. ಇಂಗ್ಲಂಡಿಗೂ ಅದ ದಶಕದಾಗ ಬಂತು. ಅಷ್ಟ್ ದಿನಾ ಸಾಹುಕಾರರ ಮನ್ಯಾಗ ಇದ್ದ ಕಾರ್ಪೆಟ್ಟು ಬಸ್ ಡ್ರೈವರನ ಮನಿಗೂ ಬಂತು.

ಕಾರ್ಪೆಟ್ಟು ಹೋದ ಮ್ಯಾಲೆ ಕಟಕಟಿ ಕಡೆ ನೋಡಿದೆ. ಎಲ್ಲಾ ಸಪಾಟು, ಬರೇ ಹಲಗಿ ಬಡದು ಮುಚ್ಚಿದ್ರು. ಇದಕ್ಕೂ ಒಂದು ಇತಿಹಾಸ ಅದ. 1950-60ರ ದಶಕದಾಗ ಬಿಬಿಸಿ ಟೀವಿಯೊಳಗ ಬ್ಯಾರಿ ಬಕ್ನೆಲ್ ಅನ್ನೋರು ಮನಿ ಕೆಲಸಾ ಮನಿಯವರ ಮಾಡೋದು ಹೆಂಗ ಅಂತ ತೋರಸ್ತಿದ್ರು. 1962ರಾಗ ಲಂಡನ್ನಿನ ಈಲಿಂಗ್‌ನ್ಯಾಗ ಒಂದು ಹಾಳಮನಿನ ತೊಗೊಂಡು ವಾರಾ ವಾರಾ ರಿಪೇರಿ ಮಾಡಿ ತೋರಿಸಿದ್ರು. ಕೆತ್ತಿದ ಬಾಗಲಾ, ಕೆತ್ತಿದ ಕಟಕಟಿ ಎಲ್ಲಾದಕ್ಕೂ ಮ್ಯಾಲೆ ಹಾರ್ಡ್‌ಬೋರ್ಡ್ ಬಡದು ಸಪಾಟು ಮಾಡ್ರಿ ಅಂತ ಅವರ ಸಲಹಾ. ಈಗಿನ ಮಂದಿ ಅವರನ್ನ ಬೈತಾರ, ಹಳೇ ಮನಿ ಕುಲಗೆಡಿಸಿದ ಅಂತ. ನನಗ ಹಂಗ ಅನಸಂಗಿಲ್ಲ. ಬಳಕಿನ ಹಂಗ ಸೊಂಟಾ ತಿರುವಿ ನಿಂತ ನಲವತ್ತು ಕಟಗಿ ಕಂಬದ ಸಂದ್ಯಾಗ ಬಟ್ಟಿ ತೂರಿಸಿ ವಾರಾವಾರಾ ಧೂಳಾ ಒರಸಿದಾಕಿಗೆ ಒಂದ ಸಪಾಟ ಹಲಗಿ ಅಂದ್ರ ಹಬ್ಬ. ಮ್ಯಾಲಾಗಿ ಹಾರ್ಡ್‌ಬೋರ್ಡ್ ಬಡದದ್ದಕ್ಕ ಒಳಗಿನ ಕಂಬ ಒಂದೂ ಮುರೀಲಾರದ ಉಳದಾವ. ಮೊಳಿ ಕಿತ್ತು ಹಲಗಿ ತಗದ್ರ ಎಲ್ಲಾ ಕಂಬ ಹಂಗ ನಿಂತಿದ್ವು, ಧೂಳ ಮಾತ್ರ ಅರವತ್ತು ವರ್ಷದ್ದು.

ಈಗ ಮುಖ್ಯ ಪದರಾ. ಕಾರ್ಪೆಟ್ಟು, ಫೋಮು, ಮುಳ್ಳಪಟ್ಟಿ ಎಲ್ಲಾ ತಗದ ಮ್ಯಾಲೆ ಕಟಗಿ ಕಾಣಿಸಿತು. ಪಾವಟಣಿಗಿ ಎರಡೂ ಬಾಜೂಕ ದಪ್ಪನ್ನ ಕಂದು ಬಣ್ಣಾ, ಮ್ಯಾಲೆ ವಾರ್ನಿಶು. ನಡುವ ಒಂದು ಉದ್ದ ಪಟ್ಟಿಗೆ ಮಾತ್ರ ಬಣ್ಣನ ಇಲ್ಲ, ಬರೇ ಕಟಗಿ. ಟೇಪ್ ಹಿಡದು ಅಳದೆ: ಸರಿಯಾಗಿ 27 ಇಂಚು. ಆ ಪಟ್ಟಿ ಎರಡೂ ಅಂಚಿಗೆ, ಎರಡು ಹಲಗಿ ಕೂಡೋ ಮೂಲ್ಯಾಗ, ಸ್ಕ್ರೂ ತೂತು. ಮೂರು ಕಡೆ ಹಿತ್ತಾಳಿ ಕಣ್ಣು ಇನ್ನೂ ಹಂಗ ಇದ್ವು.

ಹಳೇ ಕಾಲದಾಗ ಗೋಡಿಯಿಂದ ಗೋಡಿಗೆ ಹಾಸ್ತಿದ್ದಿಲ್ಲ. ನಡುವ ಒಂದು ಉದ್ದ ಪಟ್ಟಿ ಹಾಸೋರು. ಮಗ್ಗದ ಅಗಲನ ಅಷ್ಟು, 27 ಇಂಚು, ಗಜದ ಮುಕ್ಕಾಲು. ಪ್ರತಿ ಪಾವಟಣಿಗಿ ಮೂಲ್ಯಾಗ ಒಂದು ಹಿತ್ತಾಳಿ ಸರಳು, ಎರಡೂ ಕಡೆ ಕಣ್ಣಿನ್ಯಾಗ ಸಿಗಿಸಿದ್ರ ಕಾರ್ಪೆಟ್ಟು ಜಾರಂಗಿಲ್ಲ. ಸರಳು ಎಳದ್ರ ಇಡೀ ಪಟ್ಟಿ ಎದ್ದು ಬರ್ತದ. ಕೆಳಗ ಮುಚ್ಚಿಹೋಗೋ ಕಟಗಿಗೆ ಬಣ್ಣಾ ಯಾಕ ದಂಡ ಮಾಡೋದು ಅಂತ ಬಡಿಗ್ಯಾ ನಡುವ ಬಿಟ್ಟಿದ್ದ.

18ನೇ ಶತಮಾನದಾಗ ಇದು ಬರೇ ಜಮೀನದಾರರ ಮನಿ ಮಾತು. 1755ರಾಗ ಆಕ್ಸ್‌ಮಿನ್ಸ್ಟರ್ ಊರಾಗ ಥಾಮಸ್ ವಿಟ್ಟಿ ಅನ್ನಾಂವ, ಲಂಡನ್ನಿನ್ಯಾಗ ಟರ್ಕಿ ರತ್ನಗಂಬಳಿ ನೋಡಿ ಬಂದು, ತನ್ನ ಮನಿ ಹೆಣ್ಣಮಕ್ಕಳನ್ನ ಮಗ್ಗಕ್ಕ ಕೂಡಿಸಿ ಅಂಥಾದ್ದು ನೇಯಿಸಿದ. ಗಂಟು ಗಂಟು ಹಾಕಿ ಮಾಡೋ ಕೆಲಸ, ರೊಕ್ಕಾ ಹೇಳೋ ಹಂಗಿಲ್ಲ. ನಮ್ಮಂಥಾ ಸಾಲಮನಿಗೆ ಕಾರ್ಪೆಟ್ಟು ಬಂದದ್ದು ಉಗಿ ಮಗ್ಗದ ಮ್ಯಾಲೆ. ಅಮೆರಿಕದ ಎರಾಸ್ಟಸ್ ಬಿಗೆಲೋ ಮಾಡಿದ ಮಗ್ಗದ ಕಾರ್ಪೆಟ್ಟು 1851ರ ಲಂಡನ್ ಮಹಾಪ್ರದರ್ಶನದಾಗ ಮಂದಿ ನೋಡಿದ್ರು. ಹ್ಯಾಲಿಫ್ಯಾಕ್ಸ್ ಊರಿನ ಕ್ರಾಸ್ಲಿ ಮನಿತನದವರು ಅದರ ಹಕ್ಕು ಕೊಂಡು ನೇಯಲಿಕ್ಕೆ ಸುರು ಮಾಡಿದ್ರು. ಕಾರಕೂನರು, ಸಾಲಿ ಮಾಸ್ತರರು, ಸಣ್ಣ ಅಂಗಡಿಯವರು ಕೊಳ್ಳೋ ಹಂಗ ಆತು. ಆದ್ರ ಎಲ್ಲಾ ಕಡೆ ಅಲ್ಲ. ಬಾಗಲದಿಂದ ಕಾಣೋ ಪಾವಟಣಿಗಿಗೆ ಛಲೋ ಕಾರ್ಪೆಟ್ಟು. ಅದರ ಮ್ಯಾಲಿನ ಸುತ್ತಿಗೆ, ಬಂದವರ ಕಣ್ಣಿಗೆ ಬೀಳಲಾರದ್ದಕ್ಕ, ಸವದದ್ದು ತುಂಡು. ಕೆಲಸದ ಹುಡಿಗಿ ಮಲಗೋ ಅಟ್ಟಕ್ಕ ಹೋಗೋ ಪಾವಟಣಿಗಿಗೆ ಏನೂ ಇಲ್ಲ, ಬರೇ ಹಲಗಿ.

ಆ ಕೆಲಸದ ಹುಡಿಗಿದ ಈ ಪಾವಟಣಿಗಿ ಇತಿಹಾಸ.

1891ರ ಜನಗಣತ್ಯಾಗ ಇಂಗ್ಲಂಡ್ ಮತ್ತ ವೇಲ್ಸ್‌ನ್ಯಾಗ ಮನಿಕೆಲಸಾ ಮಾಡೋ ಹೆಣ್ಣಮಕ್ಕಳು 13 ಲಕ್ಷಕ್ಕೂ ಮಿಕ್ಕಿ ಇದ್ರು. ಅರಮನಿಯೊಳಗ ಹತ್ತಿಪ್ಪತ್ತು ಮಂದಿ ಇರ್ತಿದ್ರು, ಖರೇ. ಆದ್ರ ಸಣ್ಣ ಮನಿಗೋಳಾಗ ಒಬ್ಬಾಕಿನ, ಒಲಿ ಹಚ್ಚೋದರಿಂದ ಬೂಟು ಒರಸೋತನಕಾ ಎಲ್ಲಾ ಅಕಿನ. ಭಾಳ ಮಂದಿ ಹದಿಮೂರು ಹದಿನಾಕು ವರ್ಷದ ಹುಡಿಗ್ಯಾರು. ಪಾವಟಣಿಗಿ ಅಂದ್ರ ಅಕಿ ಮುಂಜಾನಿ ಕೆಲಸ. ಮನಿಯವರು ಏಳೋದರೊಳಗ ಮುಗೀಬೇಕು. 1861ರಾಗ ಇಸಬೆಲಾ ಬೀಟನ್ ಬರದ ಮನಿವಾರ್ತಿ ಪುಸ್ತಕದಾಗ ಕಾರ್ಪೆಟ್ಟು ಸ್ವಚ್ಛ ಮಾಡೋದು ಹೆಂಗ ಅಂತ ಹೇಳ್ಯಾರ: ಚಹಾ ಸೋಸಿ ಉಳದ ಚರಟಾ ಹಸೀ ಇರೂಮುಂದನ ಕಾರ್ಪೆಟ್ಟಿನ ಮ್ಯಾಲೆ ಚೆಲ್ಲಿ ಆಮ್ಯಾಲೆ ಕಸಬರಗಿ ಆಡಸೋದು. ಚರಟಕ್ಕ ಧೂಳು ಹತ್ತಗೋತದ, ಹಾರಿ ಕುರ್ಚಿ ಪರದೆ ಮ್ಯಾಲೆ ಕೂಡಂಗಿಲ್ಲ. ನಮ್ಮ ಮಣ್ಣಿನ ಅಂಗಳಕ್ಕ ಕಸಾ ಹೊಡಿಯೂಮೊದಲ ನೀರು ಚಿಮುಕಸ್ತೀವಲ್ಲ, ಲೆಕ್ಕ ಅದ. ಬೀಟನ್ ಅವರನ್ನ ನಾವು ಯಾರೋ ದೊಡ್ಡ ಅಜ್ಜಿ ಅನಕೋತೀವಿ. ಪುಸ್ತಕ ಬಂದಾಗ ಅಕಿಗೆ 25 ವರ್ಷ, 28ಕ್ಕ ಬಾಣಂತನದಾಗ ತೀರಿಹೋದ್ಲು.

ಪಾವಟಣಿಗಿ ಮ್ಯಾಲೆ ನಿಂತು ಕಸಾ ಹೊಡೀಲಿಕ್ಕೆ ಬರಂಗಿಲ್ಲ. ಮ್ಯಾಲಿಂದ ಸುರು ಮಾಡಿ, ಒಂದೊಂದಕ್ಕೂ ಮೊಣಕಾಲು ಊರಿ, ಗಿಡ್ಡ ಬ್ರಶ್‌ಲೆ ಧೂಳು ಎಳದು ಸಲಕಿಯೊಳಗ ತುಂಬಕೋತ ಕೆಳಗ ಇಳೀಬೇಕು. ಆಮ್ಯಾಲೆ ಬಾಜೂದ ಬಣ್ಣಾ ಒರಸಬೇಕು. ವಾರಕ್ಕೊಮ್ಮೆ ಸರಳು ಎಲ್ಲಾ ಬಿಚ್ಚಿ ಹಿತ್ತಾಳಿ ತಿಕ್ಕಬೇಕು. ಹಬ್ಬದ ಹಿಂದಿನ ದಿನಾ ನಾವು ಸಮೆ ತಿಕ್ಕಿದಂಗ, ಇಲ್ಲೆ ಕಾರ್ಪೆಟ್ಟಿನ ಸರಳು. ವರ್ಷಕ್ಕೊಮ್ಮೆ, ಎರಡು ಸಲ ಇಡೀ ಪಟ್ಟಿ ಎತ್ತಿ ಹಿತ್ತಲಕ್ಕ ಒಯ್ದು ಹಗ್ಗದ ಮ್ಯಾಲೆ ಹಾಕಿ ಬೆತ್ತಲೆ ಬಡಿಯೋದು. ತಿರುಗಿ ಹಾಸೂಮುಂದ ಒಂದು ಜಾಣತನ ಮಾಡ್ತಿದ್ರು. ಪಟ್ಟೀನ ಬೇಕಾದ್ದಕ್ಕಿಂತ ಸ್ವಲ್ಪ ಉದ್ದನ ತಂದಿರ್ತಿದ್ರು, ಹೆಚ್ಚಿಂದು ತುದ್ಯಾಗ ಮಡಚಿ ಇಡೋದು. ಪ್ರತಿ ಸಲ ಎತ್ತಿದಾಗ ನಾಕೈದು ಇಂಚು ಮ್ಯಾಲೆ ಇಲ್ಲಾ ಕೆಳಗ ಸರಸಿಬಿಟ್ರ, ಪಾವಟಣಿಗಿ ಮೂತಿಗೆ ತಿಕ್ಕಾಡಿ ಸವಿಯೋ ಜಾಗಾ ಬದಲಾಗ್ತದ. ಹಿಂಗ ಒಂದು ಪಟ್ಟಿ ಇಪ್ಪತ್ತು ವರ್ಷ ಬಾಳಸ್ತಿದ್ರು.

ಮೊಣಕಾಲಿನ ಚಿಪ್ಪಿನ ಮುಂದ ನೀರು ತುಂಬಿ ಬಾವು ಬರೋ ಒಂದು ರೋಗ ಅದ. ಇಂಗ್ಲೀಷಿನ್ಯಾಗ ಅದಕ್ಕ ಡಾಕ್ಟರರೂ ಹೌಸ್‌ಮೇಡ್ಸ್ ನೀ ಅಂತನ ಅಂತಿದ್ರು, ಅಂದ್ರ ಕೆಲಸದಾಕಿ ಮೊಣಕಾಲು. ಊರಿ ಊರಿ ಬರೋ ರೋಗ. ಆ ಹುಡಿಗ್ಯಾರ ಹೆಸರು ಯಾರೂ ಬರದಿಟ್ಟಿಲ್ಲ, ರೋಗಕ್ಕ ಮಾತ್ರ ಅವರ ಹೆಸರು ಉಳೀತು. ಹೆಸರು ಉಳದಾಕಿ ಅಂದ್ರ ಹ್ಯಾನಾ ಕಲ್ವಿಕ್. 1833ರಾಗ ಹುಟ್ಟಿದಾಕಿ, ಎಂಟು ವರ್ಷಕ್ಕ ಮನಿಗೆಲಸಕ್ಕ ಸೇರಿದ್ಲು. ಆರ್ಥರ್ ಮನ್ಬಿ ಅನ್ನೋ ವಕೀಲ ಬರಿ ಅಂದದ್ದಕ್ಕ ವರ್ಷಾನುಗಟ್ಟಲೆ ದಿನಚರಿ ಬರದ್ಲು. ಇಂದ ಎಷ್ಟ್ ಜೋಡಿ ಬೂಟು ಒರಸಿದೆ, ಯಾವ ಒಲಿ ಬಳದೆ, ಯಾವ ಕಟ್ಟಿ ಮೊಣಕಾಲೂರಿ ತಿಕ್ಕಿದೆ, ಎಲ್ಲಾ. 1873ರಾಗ ಅವನ ಜೋಡಿ ಗುಪ್ತ ಲಗ್ನ ಆದ್ಲು. ಅವರ ಕಥಿ ಬ್ಯಾರೇನ ಅದ, ಇನ್ನೊಮ್ಮೆ ಹೇಳ್ತೇನಿ. ದಿನಚರಿ ಈಗ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ್ಯಾಗ ಅದ.

ನಮ್ಮ ನವಲಗುಂದದ ಜಮಖಾನಿ ನೆನಪಾಗ್ತದ ಇಲ್ಲೆ. ಅದನ್ನೂ ಹೆಣ್ಣಮಕ್ಕಳ ನೇಯ್ತಾರ, ಆದ್ರ ಅದಕ್ಕ ಎದ್ದು ನಿಂತ ಎಳಿ ಇಲ್ಲ. ಝಾಡಿಸಿ, ಬಿಸಲಿಗೆ ಹಾಕಿ, ಮಡಚಿ ಟ್ರಂಕಿನ್ಯಾಗ ಇಟ್ರ ಮುಗೀತು. ಕಾರ್ಪೆಟ್ಟಿನ ಎಳಿ ಹುಲ್ಲಿನ ಹಂಗ ನಿಂತಿರ್ತಾವ, ಬುಡಕ್ಕ ಧೂಳು ಇಳೀತದ. ಎತ್ತಿ ಬಡಿಯೋರು ಇರೋತನಕಾ ಅದು ನಡೀತು.

ಒಂದನೇ ಮಹಾಯುದ್ಧದ ಹೊತ್ತಿಗೆ ಹುಡಿಗ್ಯಾರಿಗೆ ಕಾರಖಾನಿ, ಅಂಗಡಿ, ಆಫೀಸು ಕೆಲಸ ಸಿಗಲಿಕ್ಕೆ ಹತ್ತಿದ್ವು. ಅಲ್ಲೆ ಸಂಜಿ ಆದ್ರ ಮನಿಗೆ ಹೋಗಬಹುದು, ರವಿವಾರ ಸೂಟಿ. ಮೊಣಕಾಲೂರಲಿಕ್ಕೆ ಯಾರು ಬರ್ತಾರ? ಎರಡನೇ ಯುದ್ಧ ಮುಗಿಯೋದರೊಳಗ ನಮ್ಮಂಥಾ ಸಾಲಮನಿಯೊಳಗ ಕೆಲಸದಾಕಿ ಅನ್ನೋ ಮಾತ ಹೋಗಿತ್ತು. ಬ್ರಶು ಮನಿ ಯಜಮಾನತಿ ಕೈಗೆ ಬಂತು. ಬ್ರಶ್ ಬದಲಿ ಮಶೀನು ಬಂದದ್ದೂ ಅದ ಕಾಲದಾಗ.

ಮೊದಲನೇ ಮಶೀನಿನ ಕಥಿ ಕೇಳಿದ್ರ ನಗು ಬರ್ತದ. 1901ರಾಗ ಹ್ಯೂಬರ್ಟ್ ಸೆಸಿಲ್ ಬೂತ್ ಅನ್ನೋ ಇಂಜಿನಿಯರು ಧೂಳು ಎಳಿಯೋ ಯಂತ್ರಾ ಮಾಡಿದ. ಅದು ಮನಿಯೊಳಗ ಹಿಡಿಸ್ತಿದ್ದಿಲ್ಲ. ಕುದರಿ ಗಾಡಿ ಮ್ಯಾಲೆ ಬಂದು ಓಣ್ಯಾಗ ನಿಂತು ಗುರ್ರ್ ಅಂತಿತ್ತು, ಉದ್ದನ್ನ ಕೊಳವಿ ಕಿಡಕಿಯಿಂದ ಒಳಗ ಬಿಟ್ಟು ಧೂಳು ಎಳೀತಿದ್ರು. 1902ರಾಗ ಏಳನೇ ಎಡ್ವರ್ಡ್ ರಾಜಾನ ಪಟ್ಟಾಭಿಷೇಕಕ್ಕ ವೆಸ್ಟ್‌ಮಿನ್ಸ್ಟರ್ ಅಬ್ಬೆಯ ಕಾರ್ಪೆಟ್ಟು ಅದರಲೆ ಸ್ವಚ್ಛ ಮಾಡಿದ್ರು. ಶ್ರೀಮಂತ ಹೆಂಗಸರು ಗೆಳತ್ಯಾರನ್ನ ಚಹಾಕ್ಕ ಕರದು, ಯಂತ್ರಾ ಧೂಳು ಎಳಿಯೋದು ತೋರಸ್ತಿದ್ರಂತ. ಕೈಯಾಗ ಹಿಡಿಯೋ ಮಶೀನು ಮಾಡಿದಾಂವ ಅಮೆರಿಕದ ಓಹಾಯೋದ ಜೇಮ್ಸ್ ಸ್ಪ್ಯಾಂಗ್ಲರ್. ಅಂಗಡ್ಯಾಗ ಕಸಾ ಹೊಡಿಯೋ ಕೆಲಸದಾಂವ, ದಮ್ಮಿನ ರೋಗಿ. ಕಾರ್ಪೆಟ್ಟಿನ ಧೂಳಿಗೆ ಉಸರಾಡಲಿಕ್ಕೆ ಆಗಲಾರದ್ದಕ್ಕ ಫ್ಯಾನಿನ ಮೋಟರು, ಕಸಬರಗಿ ಕೋಲು, ದಿಂಬಿನ ಚೀಲ ಕೂಡಿಸಿ ಒಂದು ಮಾಡಿದ. 1908ರಾಗ ಪೇಟೆಂಟ್ ಸಿಕ್ತು, ಹೂವರ್ ಅನ್ನೋರು ಅದನ್ನ ಕೊಂಡು ಕಂಪನಿ ನಡಿಸಿದ್ರು. ಕಸಾ ಹೊಡಿಯೋರ ಕಷ್ಟ ಕಸಾ ಹೊಡಿಯೋನಿಗೇ ತಿಳೀತು ನೋಡ್ರಿ.

ಮಶೀನು ಮನಿಗೆ ಬಂದ ಮ್ಯಾಲೆ ಕಾರ್ಪೆಟ್ಟು ಎತ್ತಿ ಬಡಿಯೋ ಕಾರಣ ಉಳೀಲಿಲ್ಲ. ಎತ್ತೋದಿಲ್ಲ ಅಂದ್ರ ಸರಳು ಯಾಕ? ಬಾಜೂದ ಬಣ್ಣಾ ಒರಸೋದು ಯಾಕ? ಗೋಡಿ ತನಕಾ ಹಾಸಿ ಮುಳ್ಳಿಗೆ ಸಿಗಿಸಿದ್ರ ಆತು. ಅಷ್ಟೊತ್ತಿಗೆ ಡಾಲ್ಟನ್ ನಮೂನಿ ಸೋವಿ ಕಾರ್ಪೆಟ್ಟೂ ಬಂದಿತ್ತು. ವೈನಿ, ನಿಮ್ಮ ಪ್ರಶ್ನಿಗೆ ಉತ್ತರ ಇದು: ಒಗಿಯೋರು, ಬಡಿಯೋರು ಹೋದ್ರು, ಕಾರ್ಪೆಟ್ಟು ಅಲ್ಲೇ ಕೂತುಬಿಡ್ತು. ಆದ್ರ ಮಶೀನು ಎಳಿಯೋದು ಮ್ಯಾಲಿನ ಧೂಳು. ನಾವು ಕಿತ್ತ ಕಾರ್ಪೆಟ್ಟಿನ ಬುಡದಾಗ ಕೂತದ್ದು ನೋಡಿದ್ರ ನಿಮಗ ಮೂರ ದಿನಾ ಊಟಾ ಸೇರ್ತಿದ್ದಿಲ್ಲ.

ಇನ್ನೊಂದು ಪದರಾ ಹೇಳೋದು ಉಳೀತು. ನಾಕು ಪಾವಟಣಿಗಿ ಮೂತಿಗೆ ಹಳೇ ಮೆತ್ತಿ ಹಂಗ ಒಂದೊಂದ ತುಂಡು ಬಡದಿದ್ರು, ಹಳೇ ಪಟ್ಟಿ ಸವೀಬಾರದು ಅಂತ ಕೆಳಗ ಇಟ್ಟದ್ದು. ಎತ್ತಿ ಮೂಸಿದೆ. ಗೋಣಿ! ನಮ್ಮ ಜ್ವಾಳದ ಚೀಲದ ಗೋಣಿ. ಸೆಣಬು ಬಂಗಾಲದ್ದು. ಅಲ್ಲಿಂದ ಹಡಗ ಹತ್ತಿ ಸ್ಕಾಟ್ಲಂಡಿನ ಡಂಡಿ ಊರಿಗೆ ಹೋಗ್ತಿತ್ತು. ಬಿರುಸು ನಾರು ಮೆತ್ತಗ ಆಗಲಿ ಅಂತ ತಿಮಿಂಗಿಲದ ಎಣ್ಣಿ ಸವರಿ ನೂಲು ತಗೀತಿದ್ರು. ಡಂಡಿ ಗಿರಣ್ಯಾಗ ದುಡಿಯೋರೊಳಗ ಹೆಂಗಸರ ಭಾಳ, ಯಾಕಂದ್ರ ಅವರಿಗೆ ಪಗಾರ ಕಡಿಮಿ. ಗಂಡಸರಿಗೆ ಕೆಲಸ ಸಿಗಲಾರದ ಮನ್ಯಾಗ ಕೂಡೋರು, ಅವರಿಗೆ ಆ ಊರಾಗ ಚಹಾದ ಕೆಟಲಿ ಕಾಸೋರು ಅಂತ ಅಡ್ಡ ಹೆಸರಿತ್ತು. 1855ರಾಗ ಕಲಕತ್ತಾದ ಹತ್ತಿರ ರಿಶ್ರಾದಾಗ ನಮ್ಮ ದೇಶದ ಮೊದಲನೇ ಸೆಣಬಿನ ಗಿರಣಿ ಆತು, ಮುಂದ ಡಂಡಿ ಹಿಂದ ಬಿತ್ತು. ಈ ತುಂಡು ಎಲ್ಲೆ ನೇಯ್ದದ್ದೋ, ನಾರು ಮಾತ್ರ ನಮ್ಮ ಕಡೇದು. ಒಂದು ತುಂಡು ತೊಳದು ಇಟಗೊಂಡೇನಿ.

ಇಲ್ಲಿರೋ ನಮ್ಮ ಅಕ್ಕಾ ತಂಗ್ಯಾರಿಗೆ ಒಂದು ಮಾತು, ಇದು ಇತಿಹಾಸ ಅಲ್ಲ, ಎಚ್ಚರಿಕಿ. ಬಾಜೂದ ಆ ಚಂದನ್ನ ಕಂದು ಬಣ್ಣದಾಗ ಸೀಸಾ ಇರ್ತದ. 1960ರ ದಶಕಕ್ಕಿಂತ ಹಳೇ ಬಣ್ಣಾ ಇದ್ರ ಸೀಸಾ ಅದ ಅಂತನ ತಿಳೀರಿ. ಪರೀಕ್ಷಾ ಮಾಡೋ ಕಿಟ್ ಅಂಗಡ್ಯಾಗ ಸಿಗ್ತದ. ಉಸುಕಿನ ಕಾಗದ ಹಚ್ಚಿ ಒಣಾ ತಿಕ್ಕಬ್ಯಾಡ್ರಿ, ಆ ಪುಡಿ ಸಣ್ಣ ಮಕ್ಕಳ ಮಿದುಳಿಗೆ, ಬಸುರಿ ಹೆಂಗಸರಿಗೆ ಭಾಳ ಕೆಟ್ಟ. ಬಣ್ಣಾ ಬಿಡಿಸೋ ಲೇಪಾ ಹಚ್ಚಿ ಹಸೀ ಇರೂಮುಂದನ ಕೆರೀಬೇಕು, ಇಲ್ಲಾ ಗಟ್ಟಿ ಇದ್ರ ಅದರ ಮ್ಯಾಲೇ ಹೊಸಾ ಬಣ್ಣಾ ಹಚ್ಚಿ ಮುಚ್ಚಿಬಿಡಬೇಕು. ನಾವು ಎರಡನೇದು ಮಾಡಿದ್ವಿ, ಮನ್ಯಾಗ ಕೂಸು ಅದ. ಪಾವಟಣಿಗಿ ಕೆಳಗಿನ ಕಪಾಟದ ಒಳಗ ಬೂದಿ ಬಣ್ಣದ ಹಲಗಿ ಬಡದಿದ್ರ ಅದನ್ನ ಮುಟ್ಟಬ್ಯಾಡ್ರಿ, ಆಸ್ಬೆಸ್ಟಾಸ್ ಇರಬಹುದು. ಅದಕ್ಕ ಬಲ್ಲವರನ್ನ ಕರದು ತೋರಸ್ರಿ.

ಇನ್ನ ಏನು ಹಾಸೋದು ಅಂತ ಮನ್ಯಾಗ ಚರ್ಚಾ ಆತು. ನಮ್ಮನಿಯವರು ತಿರುಗಿ ಗೋಡಿ ತನಕಾ ಹಾಸೋಣ ಅಂದ್ರು, ಸಪ್ಪಳಾ ಕಡಿಮಿ, ಥಂಡಿ ಕಡಿಮಿ. ಮಗಳು ಬರೇ ಕಟಗಿನ ಚಂದ ಅಂದ್ಲು, ಫೋಟೋದಾಗ ಖರೇನ ಚಂದ. ಆದ್ರ ಸಾಕ್ಸ್ ಹಾಕ್ಕೊಂಡು ವಾರ್ನಿಶ್ ಮ್ಯಾಲೆ ಇಳಿಯೋದು ಅಂದ್ರ ಜಾರಬಂಡಿ. ಬ್ಯಾಸಗಿಗೆ ನಮ್ಮ ಅತ್ತಿಯವರು ಬರೋರು, ಮೊಣಕಾಲ ಆಪರೇಶನ್ ಆಗೇದ. ಕಡೀಕ ನಾನ ಕೇಳಿದೆ, ಸ್ವಚ್ಛ ಮಾಡೋರು ಯಾರು? ಎಲ್ಲಾರೂ ಸುಮ್ಮನಾದ್ರು. ಹಂಗಾದ್ರ ನಾ ಹೇಳಿದ್ದ ಆಗ್ಲಿ ಅಂದೆ.

27 ಇಂಚಿನ ಉಣ್ಣಿ ಪಟ್ಟಿ ತರಿಸೇವಿ, ಕಡು ಕೆಂಪು, ಧೂಳು ಕಾಣಬೇಕು ಅಂತನ ಚಿತ್ತಾರ ಕಡಿಮಿ ಇರೋದು. ಹಳೇ ತೂತಿಗೇ ಹೊಸಾ ಕಣ್ಣು ಕೂತ್ವು, ಸಿಕ್ಕ ಮೂರು ಹಳೇವನ್ನ ಹುಣಸಿಹಣ್ಣು ಹಚ್ಚಿ ತಿಕ್ಕಿ ಕೆಳಗಿನ ಪಾವಟಣಿಗಿಗೆ ಹಾಕೇವಿ. 13 ಸರಳಿನ ಪಾಳಿ ಹಂಚೇವಿ: ಐದು ನಮ್ಮನಿಯವರಿಗೆ, ನಾಕು ಮಗಳಿಗೆ, ನಾಕು ನನಗ. ಪಟ್ಟಿ ಒಂದು ಫೂಟು ಉದ್ದನ ಅದ, ಹೆಚ್ಚಿಂದನ್ನ ಮ್ಯಾಲಿನ ತುದ್ಯಾಗ ಮಡಚಿ ಇಟ್ಟೇವಿ. ಯುಗಾದಿ ಮುಂದ ಎತ್ತಿ ಹಿತ್ತಲದಾಗ ಬಡದು, ನಾಕು ಇಂಚು ಕೆಳಗ ಸರಸೋದು.